ಮೊಲ ಮತ್ತು ಕಿರು ಸಾಕುಪ್ರಾಣಿಗಳ ದತ್ತು ಸ್ವೀಕಾರ

ಮೊಲ ಮತ್ತು ಕಿರು ಸಾಕುಪ್ರಾಣಿಗಳ ದತ್ತು ಸ್ವೀಕಾರ ಎಂದರೆ ತೊರೆಯಲ್ಪಟ್ಟ, ಅಧಿಕಾರಿಗಳು ವಶಪಡಿಸಿಕೊಂಡ ಅಥವಾ ಸಂಕಷ್ಟದಿಂದ ರಕ್ಷಿಸಲಾದ ಸಾಕುಮೊಲ, ಗಿನಿಯಿಲಿ, ಹ್ಯಾಮ್‌ಸ್ಟರ್, ಬಿಳಿ ಇಲಿ, ಪಂಜರದ ಹಕ್ಕಿ ಮೊದಲಾದವುಗಳನ್ನು ಪ್ರಾಣಿ ಆಶ್ರಯಧಾಮದಿಂದ ಅಥವಾ ತಾತ್ಕಾಲಿಕ ಪಾಲಕರಿಂದ ಪಡೆದು, ಅವುಗಳ ಜೀವಿತಾವಧಿಯವರೆಗೂ ಸಾಕುವ ಹೊಣೆಯನ್ನು ವಹಿಸಿಕೊಳ್ಳುವ ಕ್ರಮ. ನಾಯಿ ಮತ್ತು ಬೆಕ್ಕುಗಳ ದತ್ತು ಸ್ವೀಕಾರ ಕರ್ನಾಟಕದಲ್ಲಿ ಸಾಕಷ್ಟು ಪರಿಚಿತವಾಗಿದ್ದರೂ ಕಿರು ಪ್ರಾಣಿಗಳ ವಿಷಯದಲ್ಲಿ ಅದು ಇನ್ನೂ ಸೀಮಿತವಾಗಿದೆ. ರಾಜ್ಯದಲ್ಲಿ ಈ ಕಾರ್ಯವು ಪ್ರಧಾನವಾಗಿ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತದೆ. ದಾವಣಗೆರೆಯಂತಹ ಜಿಲ್ಲಾ ಕೇಂದ್ರಗಳಲ್ಲಿ ಪಶುವೈದ್ಯರು ಮತ್ತು ಪ್ರಾಣಿಪ್ರಿಯರ ಪರಸ್ಪರ ಪರಿಚಯವೇ ಇದಕ್ಕೆ ಹೆಚ್ಚಿನ ಆಧಾರವಾಗಿದೆ.

ಸಾಕುಮೊಲವು ಉತ್ತಮ ಆರೈಕೆಯಲ್ಲಿ 8ರಿಂದ 12 ವರ್ಷ ಬದುಕಬಲ್ಲದು. ಗಾತ್ರದಲ್ಲಿ ಚಿಕ್ಕದಾದ ಪ್ರಾಣಿಯ ಹೊಣೆಯೂ ಚಿಕ್ಕದು ಎಂಬ ತಪ್ಪುಗ್ರಹಿಕೆಯು ಇಂತಹ ಪ್ರಾಣಿಗಳನ್ನು ಕೊಳ್ಳುವುದಕ್ಕೂ ಕೆಲವೇ ತಿಂಗಳಲ್ಲಿ ತೊರೆಯುವುದಕ್ಕೂ ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ.

ಪದಬಳಕೆ

ಕನ್ನಡದಲ್ಲಿ 'ಮೊಲ' ಎಂಬ ಒಂದೇ ಪದವು ಎರಡು ಭಿನ್ನ ಪ್ರಾಣಿಗಳನ್ನು ಸೂಚಿಸುತ್ತದೆ. ಮನೆಗಳಲ್ಲಿ ಸಾಕುವ ಮೊಲವು ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್ ಎಂಬ ಯುರೋಪಿನ ಪ್ರಭೇದದ ಪಳಗಿಸಿದ ರೂಪ. ಕರ್ನಾಟಕದ ಹೊಲ, ಕುರುಚಲು ಕಾಡು ಮತ್ತು ಹುಲ್ಲುಗಾವಲುಗಳಲ್ಲಿ ಕಾಣುವ ಕಾಡುಮೊಲವು ಲೀಪಸ್ ನೈಗ್ರಿಕೊಲಿಸ್ ಎಂಬ ಬೇರೆಯೇ ಪ್ರಭೇದ. ಇದರ ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದೆ. ಸಾಕುಮೊಲದ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿದ ಸ್ಥಿತಿಯಲ್ಲಿ ಹುಟ್ಟುತ್ತವೆ. ಕಾಡುಮೊಲದ ಮರಿಗಳು ಹುಟ್ಟುವಾಗಲೇ ತುಪ್ಪಳ ಹೊಂದಿದ್ದು ಕಣ್ಣು ತೆರೆದಿರುತ್ತವೆ. ಇವೆರಡರ ವರ್ಣತಂತುಗಳ ಸಂಖ್ಯೆಯೂ ಬೇರೆ (ಕ್ರಮವಾಗಿ 44 ಮತ್ತು 48). ಇವುಗಳ ನಡುವೆ ಸಂತಾನ ಉಂಟಾಗುವುದಿಲ್ಲ. ಸಾಕುಮೊಲವನ್ನು ದತ್ತು ಪಡೆಯಬಹುದು, ಕಾಡುಮೊಲವನ್ನು ಪಡೆಯಲಾಗದು. ಆದ್ದರಿಂದ ಈ ವ್ಯತ್ಯಾಸಕ್ಕೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ.

'ದತ್ತು' ಎಂಬ ಪದಕ್ಕೂ ಎರಡು ಬಳಕೆಗಳಿವೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಹಾಗೂ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಇತರ ಮೃಗಾಲಯಗಳಲ್ಲಿ ಪ್ರಚಲಿತವಿರುವ 'ಪ್ರಾಣಿ ದತ್ತು ಯೋಜನೆ'ಯಲ್ಲಿ ಸಾರ್ವಜನಿಕರು ಒಂದು ಪ್ರಾಣಿಯ ಪೋಷಣೆಗೆ ನಿಗದಿತ ಅವಧಿಗೆ ಹಣ ನೀಡುತ್ತಾರೆ. ಪ್ರಾಣಿಯು ಮೃಗಾಲಯದಲ್ಲಿಯೇ ಇರುತ್ತದೆ. ಆಶ್ರಯಧಾಮದಿಂದ ಪಡೆಯುವ ದತ್ತಿನಲ್ಲಿ ಪ್ರಾಣಿಯು ದತ್ತುದಾರರ ಮನೆಗೆ ಬರುತ್ತದೆ ಮತ್ತು ಅದರ ಆಹಾರ, ವಸತಿ, ಚಿಕಿತ್ಸೆಗಳ ಪೂರ್ಣ ಹೊಣೆ ಅವರದಾಗಿರುತ್ತದೆ.

ಹಿನ್ನೆಲೆ

ಸಾಕುಮೊಲದ ಮೂಲ ನೆಲೆ ಐಬೀರಿಯನ್ ಪರ್ಯಾಯ ದ್ವೀಪ, ಅಂದರೆ ಇಂದಿನ ಸ್ಪೇನ್ ಮತ್ತು ಪೋರ್ಚುಗಲ್. ಮಾಂಸ ಮತ್ತು ತುಪ್ಪಳಕ್ಕಾಗಿ ಸಾಕಲಾಗುತ್ತಿದ್ದ ಈ ಪ್ರಾಣಿಯಿಂದ ಕಾಲಕ್ರಮೇಣ ಅನೇಕ ತಳಿಗಳನ್ನು ಅಭಿವೃದ್ಧಿಪಡಿಸಲಾಯಿತು. ಭಾರತದಲ್ಲಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ಗ್ರೇ ಜೈಂಟ್ ಮುಂತಾದ ತಳಿಗಳು ಮೊಲ ಸಾಕಾಣಿಕೆಯ ಉದ್ದೇಶಕ್ಕಾಗಿ ಹರಡಿದವು. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ ಹೊಂದಿರುವ ದಕ್ಷಿಣ ಪ್ರಾದೇಶಿಕ ಕೇಂದ್ರವು ಮೊಲ ತಳಿಗಳ ಸಂವರ್ಧನೆಯಲ್ಲಿ ತೊಡಗಿದೆ. ಅಂಗಡಿಗಳಲ್ಲಿ ಮಾರಾಟವಾಗುವ ಬಿಳಿ ಮೊಲಗಳು ಬಹುತೇಕ ಇಂತಹ ಮಾಂಸದ ತಳಿಗಳಿಗೆ ಅಥವಾ ಅವುಗಳ ಮಿಶ್ರ ಸಂತತಿಗೆ ಸೇರಿದವು. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಮರಿಯು ಆರೇಳು ತಿಂಗಳಲ್ಲಿ ಮೂರು ನಾಲ್ಕು ಕಿಲೋಗ್ರಾಂ ತೂಗುವ ಪ್ರಾಣಿಯಾಗಿ ಬೆಳೆಯುವುದು ಇದೇ ಕಾರಣದಿಂದ.

ಮೊಲವನ್ನು ಹಿತ್ತಲ ಗೂಡಿನ ಪ್ರಾಣಿಯಾಗಿ ನೋಡದೆ ಮನೆಯೊಳಗಿನ ಸಂಗಾತಿಯಾಗಿ ಕಾಣುವ ದೃಷ್ಟಿ 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಲಗೊಂಡಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಸ್ಥಾಪನೆಯಾದ ಹೌಸ್ ರ‍್ಯಾಬಿಟ್ ಸೊಸೈಟಿಯು ಆಶ್ರಯಧಾಮಗಳಲ್ಲಿನ ಮೊಲಗಳನ್ನು ರಕ್ಷಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಮನೆಗಳಿಗೆ ಸೇರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಮೊಲವು ಬೆಕ್ಕಿನಂತೆ ನಿಗದಿತ ತಟ್ಟೆಯಲ್ಲಿ ಮಲಮೂತ್ರ ವಿಸರ್ಜಿಸಲು ಕಲಿಯುತ್ತದೆ ಎಂಬ ತಿಳಿವಳಿಕೆಯು ಈ ಬದಲಾವಣೆಗೆ ನೆರವಾಯಿತು.

ಪ್ರಾಣಿಗಳು ಆಶ್ರಯಧಾಮ ಸೇರುವ ಬಗೆ

ಕಿರು ಪ್ರಾಣಿಗಳು ಆಶ್ರಯಧಾಮವನ್ನು ಸೇರಲು ಹಲವು ಕಾರಣಗಳಿವೆ.

ತೊರೆಯುವಿಕೆ: ಮಕ್ಕಳ ಒತ್ತಾಯಕ್ಕೆ ಅಥವಾ ಹುಟ್ಟುಹಬ್ಬದ ಉಡುಗೊರೆಗೆ ಕೊಂಡ ಮರಿಯು ಬೆಳೆದು ವಿದ್ಯುತ್ ತಂತಿ, ಚಾಪೆ, ಪುಸ್ತಕಗಳನ್ನು ಕಡಿಯಲು ಆರಂಭಿಸಿದಾಗ, ಮನೆ ಬದಲಿಸುವಾಗ, ಮಕ್ಕಳು ಓದಿಗಾಗಿ ಬೇರೆ ಊರಿಗೆ ಹೋದಾಗ ಅಥವಾ ಮನೆಯವರಿಗೆ ಅಲರ್ಜಿ ಕಂಡುಬಂದಾಗ ಪ್ರಾಣಿಯನ್ನು ಬಿಟ್ಟುಕೊಡಲಾಗುತ್ತದೆ.

ಅನಿಯಂತ್ರಿತ ಸಂತಾನ: ಸಾಕುಮೊಲವು ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಪ್ರಾಯಕ್ಕೆ ಬರುತ್ತದೆ. ಗರ್ಭಾವಧಿ ಸುಮಾರು 31 ದಿನ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಎಳೆಯ ಮರಿಗಳಲ್ಲಿ ಲಿಂಗ ಗುರುತಿಸುವುದು ಕಷ್ಟ. ಎರಡೂ ಹೆಣ್ಣೆಂದು ನಂಬಿ ತಂದ ಜೋಡಿಯು ಒಂದು ವರ್ಷದೊಳಗೆ ಹತ್ತಾರು ಮೊಲಗಳಾಗುವುದು ಅಪರೂಪವಲ್ಲ.

ವಶಪಡಿಸಿಕೊಳ್ಳುವಿಕೆ: ನೋಂದಣಿಯಿಲ್ಲದ ಅಂಗಡಿಗಳು, ಕಿಕ್ಕಿರಿದ ಪಂಜರಗಳಲ್ಲಿ ಸಾಗಣೆ, ಕ್ರೌರ್ಯದ ಪ್ರಕರಣಗಳು ಇತ್ಯಾದಿಗಳಲ್ಲಿ ಅಧಿಕಾರಿಗಳು ವಶಪಡಿಸಿಕೊಂಡ ಪ್ರಾಣಿಗಳನ್ನು ಪ್ರಕರಣ ಮುಗಿಯುವವರೆಗೆ ಆಶ್ರಯಧಾಮಗಳಿಗೆ ಒಪ್ಪಿಸಲಾಗುತ್ತದೆ. ಇವುಗಳ ಪಾಲನೆಯ ಕುರಿತು 2017ರಲ್ಲಿ ಪ್ರತ್ಯೇಕ ಕೇಂದ್ರ ನಿಯಮಗಳನ್ನು ರೂಪಿಸಲಾಗಿದೆ.

ಪ್ರಯೋಗಾಲಯಗಳು: ಮೊಲ, ಗಿನಿಯಿಲಿ, ಇಲಿಗಳನ್ನು ಔಷಧ ಮತ್ತು ರಾಸಾಯನಿಕಗಳ ಪರೀಕ್ಷೆಗೆ ಬಳಸಲಾಗುತ್ತದೆ. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಹಾಗೆ ಪರೀಕ್ಷಿಸಿದ ಸಾಮಗ್ರಿಗಳ ಆಮದನ್ನೂ ನಿಷೇಧಿಸಲಾಯಿತು. ಬೆಂಗಳೂರಿನಲ್ಲಿ ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್ ನಾಯಿಗಳಿಗೆ ಮನೆ ಹುಡುಕುವ ಕಾರ್ಯವು ನಡೆದಿದ್ದು, ಪ್ರಯೋಗಕ್ಕೆ ಬಳಸಿದ ಪ್ರಾಣಿಯೂ ಮನೆಯಲ್ಲಿ ಬಾಳಬಲ್ಲದು ಎಂಬುದಕ್ಕೆ ಅದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಕಾನೂನು

ಸಂವಿಧಾನದ 51ಎ(ಜಿ) ವಿಧಿಯು ಜೀವಿಗಳ ಬಗ್ಗೆ ಅನುಕಂಪ ಹೊಂದುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಪ್ರಾಣಿಗಳಿಗೆ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದಡಿ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು ಅಥವಾ ಆಸರೆ ನೀಡದಿರುವುದು ಅಪರಾಧ. ಹಸಿವು ಅಥವಾ ಬಾಯಾರಿಕೆಯಿಂದ ನರಳುವ ಸಂಭವವಿರುವ ಪರಿಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದೂ ಅಪರಾಧ. ಮೊದಲ ಅಪರಾಧಕ್ಕೆ ನಿಗದಿಯಾಗಿರುವ ದಂಡವು 10ರಿಂದ 50 ರೂಪಾಯಿ ಮಾತ್ರ. ಈ ಮೊತ್ತವು ದಶಕಗಳಿಂದ ಬದಲಾಗದಿರುವುದು ಪ್ರಾಣಿಹಿತ ಸಂಘಟನೆಗಳ ದೀರ್ಘಕಾಲದ ಆಕ್ಷೇಪಣೆಯಾಗಿದೆ. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ಪ್ರಕರಣದಲ್ಲಿ ನೀಡಿದ ತೀರ್ಪಿನಲ್ಲಿ ಹಸಿವು ಮತ್ತು ಬಾಯಾರಿಕೆ, ಭಯ ಮತ್ತು ಯಾತನೆ, ನೋವು ಮತ್ತು ರೋಗ ಮುಂತಾದವುಗಳಿಂದ ಮುಕ್ತವಾಗಿರುವ 'ಐದು ಸ್ವಾತಂತ್ರ್ಯ'ಗಳನ್ನು ಉಲ್ಲೇಖಿಸಿತು.

2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಸಾಕುಪ್ರಾಣಿಗಳನ್ನು ಮಾರುವ ಅಂಗಡಿಯು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ನಿಯಮಗಳ 'ಸಾಕುಪ್ರಾಣಿ' ವ್ಯಾಖ್ಯೆಯಲ್ಲಿ ನಾಯಿ, ಬೆಕ್ಕುಗಳ ಜೊತೆಗೆ ಮೊಲ, ಗಿನಿಯಿಲಿ, ಹ್ಯಾಮ್‌ಸ್ಟರ್ ಮತ್ತು ಇಲಿಗಳೂ ಸೇರಿವೆ.

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿ ಕಾಡುಮೊಲ, ದೇಶೀಯ ಗಿಳಿಗಳು, ನಕ್ಷತ್ರ ಆಮೆ ಮುಂತಾದವು ಸಂರಕ್ಷಿತ ಜೀವಿಗಳಾಗಿದ್ದು ಅವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಶಿಕ್ಷಾರ್ಹ. ಇಂತಹ ಪ್ರಾಣಿಯು ಯಾವುದೇ ರೀತಿಯಲ್ಲಿ ಕೈಸೇರಿದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಇಲಾಖೆಯ ಅಧಿಕಾರಿಗೆ ತಿಳಿಸಬೇಕು. 2022ರ ತಿದ್ದುಪಡಿಯು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳ ಸ್ವಾಧೀನವನ್ನೂ ನೋಂದಣಿಗೆ ಒಳಪಡಿಸಿತು. ಅದರ ವಿವರವಾದ ನಿಯಮಗಳು 2024ರಲ್ಲಿ ಜಾರಿಗೆ ಬಂದವು. ಸಾಕುಮೊಲ, ಗಿನಿಯಿಲಿ ಮತ್ತು ಬಜರಿಗರ್ ಹಕ್ಕಿ ಆ ಪಟ್ಟಿಯಲ್ಲಿಲ್ಲ. ಕೆಲವು ವಿದೇಶಿ ಗಿಳಿಗಳು, ಇಗುವಾನ ಮುಂತಾದವು ಅದರಲ್ಲಿವೆ. ಆದ್ದರಿಂದ ಅಂತಹ ಪ್ರಾಣಿಯನ್ನು ಪಡೆಯುವ ಮುನ್ನ ನೋಂದಣಿ ದಾಖಲೆ ಪರಿಶೀಲಿಸುವುದು ಅಗತ್ಯ.

ಕರ್ನಾಟಕದ ಸಂಸ್ಥೆಗಳು

ಕರ್ನಾಟಕದ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್ (ಕ್ಯೂಪಾ) ಪ್ರಮುಖವಾದುದು. ದೆಹಲಿ ಮತ್ತು ಜೈಪುರಗಳಲ್ಲಿ ಪ್ರಾಣಿ ಆಶ್ರಯಧಾಮಗಳನ್ನು ಸ್ಥಾಪಿಸಿದ್ದ ಬ್ರಿಟಿಷ್ ಮೂಲದ ಕ್ರಿಸ್ಟಲ್ ರೋಜರ್ಸ್ ಅವರು ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ, ಇದನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಸಂಸ್ಥೆಯು ತೊರೆಯಲ್ಪಟ್ಟ ಸಾಕುಪ್ರಾಣಿಗಳಿಗಾಗಿ 'ಸೆಕೆಂಡ್ ಚಾನ್ಸ್' ಎಂಬ ದತ್ತು ಕೇಂದ್ರವನ್ನು ನಡೆಸಿದೆ. ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯು ನಗರ ಪ್ರದೇಶದಲ್ಲಿ ಗಾಯಗೊಂಡ ವನ್ಯಜೀವಿಗಳಿಗೆ ಚಿಕಿತ್ಸೆ ನೀಡಿ ಮರಳಿ ಪರಿಸರಕ್ಕೆ ಸೇರಿಸುವ ಕಾರ್ಯದಲ್ಲಿ ತೊಡಗಿದೆ. ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಬೆಂಗಳೂರಿನ ಮತ್ತೊಂದು ಆಶ್ರಯಧಾಮ. ಮಂಗಳೂರಿನಲ್ಲಿ ಅನಿಮಲ್ ಕೇರ್ ಟ್ರಸ್ಟ್ ಮತ್ತು ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಘಟಕಗಳು ಕಾರ್ಯನಿರ್ವಹಿಸುತ್ತವೆ.

2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಪ್ರಾಣಿ ದಯಾ ಸಂಘವೊಂದು ಇರಬೇಕು. ರಾಜ್ಯದ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯು 2021ರಲ್ಲಿ ಪ್ರಾಣಿ ಸಹಾಯವಾಣಿ ಕೇಂದ್ರವನ್ನು ಆರಂಭಿಸಿತು. ಸಂಚಾರಿ ಪಶು ಚಿಕಿತ್ಸಾ ವಾಹನಗಳಿಗಾಗಿ 1962 ಎಂಬ ಶುಲ್ಕರಹಿತ ಸಂಖ್ಯೆಯಿದೆ. ಈ ಸೇವೆಗಳು ಮುಖ್ಯವಾಗಿ ಜಾನುವಾರುಗಳನ್ನು ಗಮನದಲ್ಲಿಟ್ಟುಕೊಂಡು ರೂಪಿತವಾದವು.

ದತ್ತು ಪ್ರಕ್ರಿಯೆ

ಆಶ್ರಯಧಾಮಗಳ ನಿಯಮಗಳು ಒಂದರಿಂದ ಒಂದಕ್ಕೆ ಬದಲಾಗುತ್ತವೆಯಾದರೂ ಸಾಮಾನ್ಯ ಹಂತಗಳು ಹೀಗಿವೆ.

ಅರ್ಜಿ: ಆಸಕ್ತರು ಮನೆಯ ಸದಸ್ಯರ ಸಂಖ್ಯೆ, ಮಕ್ಕಳ ವಯಸ್ಸು, ಇತರ ಪ್ರಾಣಿಗಳ ವಿವರ, ಸ್ವಂತ ಅಥವಾ ಬಾಡಿಗೆ ಮನೆಯೇ ಎಂಬುದು, ಊರಿಗೆ ಹೋಗುವಾಗ ನೋಡಿಕೊಳ್ಳುವವರು ಯಾರು ಎಂಬುದನ್ನು ತಿಳಿಸುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಕೇಳಲಾಗುತ್ತದೆ.

ಭೇಟಿ: ಆಶ್ರಯಧಾಮದಲ್ಲಿ ಪ್ರಾಣಿಯ ಸ್ವಭಾವವನ್ನು ನೋಡಿದ ಬಳಿಕ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಅಥವಾ ವೀಡಿಯೊ ಕರೆಯ ಮೂಲಕ ವಸತಿ ವ್ಯವಸ್ಥೆಯನ್ನು ಪರಿಶೀಲಿಸುತ್ತಾರೆ.

ಒಪ್ಪಂದ: ಪ್ರಾಣಿಯನ್ನು ಮಾರುವುದಿಲ್ಲ, ಮರಿ ಮಾಡಿಸುವುದಿಲ್ಲ, ಸಾಕಲಾಗದ ಸಂದರ್ಭ ಬಂದರೆ ಬೇರೆಯವರಿಗೆ ಕೊಡದೆ ಸಂಸ್ಥೆಗೇ ಮರಳಿಸಲಾಗುವುದು ಎಂಬ ಷರತ್ತುಗಳಿಗೆ ವಯಸ್ಕರೊಬ್ಬರು ಸಹಿ ಹಾಕುತ್ತಾರೆ.

ಅನುಸರಣೆ: ಮೊದಲ ಕೆಲವು ವಾರಗಳಲ್ಲಿ ಸಂಸ್ಥೆಯು ಪ್ರಾಣಿಯ ಆರೋಗ್ಯ ಮತ್ತು ಹೊಂದಾಣಿಕೆಯನ್ನು ವಿಚಾರಿಸುತ್ತದೆ.

ಶಾಶ್ವತ ದತ್ತಿಗೆ ಸಿದ್ಧರಿಲ್ಲದವರು ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ತಾತ್ಕಾಲಿಕ ಪಾಲಕರಾಗುವ ಅವಕಾಶವನ್ನೂ ಹಲವು ಸಂಸ್ಥೆಗಳು ನೀಡುತ್ತವೆ. ಹೊಣೆಯ ಸ್ವರೂಪವನ್ನು ಅನುಭವದಿಂದ ಅರಿಯಲು ಇದು ನೆರವಾಗುತ್ತದೆ.

ಅಂಗಡಿಯಿಂದ ತಂದ ಎಳೆಯ ಮರಿಗೆ ಹೋಲಿಸಿದರೆ ಆಶ್ರಯಧಾಮದ ವಯಸ್ಕ ಪ್ರಾಣಿಯಲ್ಲಿ ಕೆಲವು ಅನುಕೂಲಗಳಿವೆ. ಅದರ ಲಿಂಗ, ಪೂರ್ಣ ಗಾತ್ರ ಮತ್ತು ಸ್ವಭಾವ ಮೊದಲೇ ತಿಳಿದಿರುತ್ತವೆ. ಹಲವು ವೇಳೆ ಶಸ್ತ್ರಚಿಕಿತ್ಸೆಯೂ ಮುಗಿದಿರುತ್ತದೆ. ಆದರೆ ಹಿಂದಿನ ಅನುಭವದಿಂದ ಅಂಜಿದ ಪ್ರಾಣಿಯು ಮನುಷ್ಯರನ್ನು ನಂಬಲು ವಾರಗಳೇ ಬೇಕಾಗಬಹುದು.

ಸಾಕುಮೊಲದ ಆರೈಕೆ

ವಸತಿ

ಮೊಲವು ಓಡಾಟ ಬಯಸುವ ಪ್ರಾಣಿ. ದಿನವಿಡೀ ಪಂಜರದಲ್ಲಿಟ್ಟರೆ ಮೂಳೆ ಮತ್ತು ಸ್ನಾಯುಗಳು ದುರ್ಬಲವಾಗುತ್ತವೆ. ತಂತಿಜಾಲರಿಯ ನೆಲದಿಂದ ಹಿಂಗಾಲಿನ ಅಡಿಯಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ಚಾಪೆ ಅಥವಾ ಗೋಣಿಚೀಲ ಹಾಸಿದ ಗಟ್ಟಿ ನೆಲ, ಅಡಗಲು ರಟ್ಟಿನ ಪೆಟ್ಟಿಗೆ ಮತ್ತು ದಿನಕ್ಕೆ ಕೆಲವು ಗಂಟೆ ಕೋಣೆಯಲ್ಲಿ ಓಡಾಡುವ ಅವಕಾಶ ಅಗತ್ಯ. ಕೆಳಮಟ್ಟದ ವಿದ್ಯುತ್ ತಂತಿಗಳನ್ನು ಮರೆಮಾಡಬೇಕು. ಮೊಲಗಳು ಸಂಘಜೀವಿಗಳಾದ್ದರಿಂದ ಶಸ್ತ್ರಚಿಕಿತ್ಸೆಯಾದ ಜೋಡಿಯನ್ನು ಒಟ್ಟಿಗೆ ದತ್ತು ನೀಡುವುದಕ್ಕೆ ಆದ್ಯತೆ ಕೊಡಲಾಗುತ್ತದೆ.

ಕಿವಿ ಹಿಡಿದು ಮೊಲವನ್ನು ಎತ್ತುವ ರೂಢಿ ಅಪಾಯಕಾರಿ. ಮೊಲದ ಅಸ್ಥಿಪಂಜರ ಹಗುರವಾಗಿದ್ದು ಹಿಂಗಾಲಿನ ಸ್ನಾಯುಗಳು ಬಲಿಷ್ಠವಾಗಿವೆ. ಬೆದರಿ ಒದ್ದಾಗ ಬೆನ್ನುಮೂಳೆ ಮುರಿದು ಪಾರ್ಶ್ವವಾಯು ಉಂಟಾಗಬಹುದು. ಒಂದು ಕೈಯಿಂದ ಎದೆಗೂ ಮತ್ತೊಂದರಿಂದ ಹಿಂಭಾಗಕ್ಕೂ ಆಸರೆ ನೀಡಿ ಎತ್ತುವುದು ಸರಿಯಾದ ಕ್ರಮ. ಚಿಕ್ಕ ಮಕ್ಕಳು ಎತ್ತಿಕೊಳ್ಳುವ ಬದಲು ನೆಲದ ಮೇಲೆ ಕುಳಿತು ಮೊಲದೊಂದಿಗೆ ಆಡುವುದು ಸುರಕ್ಷಿತ.

ಆಹಾರ

ಕ್ಯಾರೆಟ್ ಮೊಲದ ಮುಖ್ಯ ಆಹಾರವೆಂಬ ಜನಪ್ರಿಯ ಕಲ್ಪನೆ ತಪ್ಪು. ಮೊಲದ ಆಹಾರದ ಬಹುಪಾಲು ಹುಲ್ಲು ಮತ್ತು ಒಣಹುಲ್ಲು ಆಗಿರಬೇಕು. ಅದರ ಹಲ್ಲುಗಳು ಜೀವನಪರ್ಯಂತ, ಮುಂಬಾಚಿ ಹಲ್ಲುಗಳಾದರೆ ವಾರಕ್ಕೆ ಸುಮಾರು 2 ಮಿಲಿಮೀಟರ್‌ನಷ್ಟು, ಬೆಳೆಯುತ್ತಲೇ ಇರುತ್ತವೆ. ನಾರಿನ ಆಹಾರವನ್ನು ಅಗಿಯುವುದರಿಂದ ಮಾತ್ರ ಅವು ಸವೆಯುತ್ತವೆ. ಗರಿಕೆ ಮುಂತಾದ ಹುಲ್ಲುಗಳ ಜೊತೆಗೆ ಕೊತ್ತಂಬರಿ, ಪುದೀನ, ಮೆಂತ್ಯ ಸೊಪ್ಪುಗಳನ್ನು ತೊಳೆದು ಕೊಡಬಹುದು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಅಧಿಕವಿರುವುದರಿಂದ ಅದು ಬೆಳೆಯುವ ಮರಿಗಳಿಗೆ ಸೂಕ್ತ, ವಯಸ್ಕ ಮೊಲಗಳಿಗೆ ನಿತ್ಯದ ಆಹಾರವಲ್ಲ. ಕ್ಯಾರೆಟ್ ಮತ್ತು ಹಣ್ಣು ಅಪರೂಪಕ್ಕೆ ಸಣ್ಣ ತುಣುಕಷ್ಟೇ. ಬ್ರೆಡ್, ಬಿಸ್ಕತ್ತು, ಅನ್ನ, ಕರಿದ ತಿಂಡಿಗಳು ಕರುಳಿನ ಸಮತೋಲನವನ್ನು ಕೆಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಮತ್ತು ಬೆಣ್ಣೆಹಣ್ಣು ವಿಷಕಾರಿ. ಶುದ್ಧ ನೀರು ಸದಾ ದೊರೆಯಬೇಕು.

ಮೊಲವು ತನ್ನ ಮೃದುವಾದ ಒಂದು ಬಗೆಯ ಹಿಕ್ಕೆಯನ್ನು ಮತ್ತೆ ತಿನ್ನುವುದು ಸಹಜ ಜೀರ್ಣಕ್ರಿಯೆಯ ಭಾಗ. ಅದನ್ನು ರೋಗಲಕ್ಷಣವೆಂದು ಭಾವಿಸಬಾರದು.

ಆರೋಗ್ಯ

ಮೊಲವು ಬೇಟೆಗೆ ಈಡಾಗುವ ಪ್ರಾಣಿಯಾದ್ದರಿಂದ ಕಾಯಿಲೆಯನ್ನು ಮರೆಮಾಚುತ್ತದೆ. ಸುಮಾರು 12 ಗಂಟೆಗಳ ಕಾಲ ಏನನ್ನೂ ತಿನ್ನದಿರುವುದು ಅಥವಾ ಹಿಕ್ಕೆ ಹಾಕದಿರುವುದು ತುರ್ತುಸ್ಥಿತಿಯ ಲಕ್ಷಣ. ಕರುಳಿನ ಚಲನೆ ನಿಲ್ಲುವ ಈ ಸ್ಥಿತಿಯು ಒಂದೆರಡು ದಿನಗಳಲ್ಲಿ ಸಾವಿಗೆ ಕಾರಣವಾಗಬಹುದು. ಮೊಲಕ್ಕೆ ವಾಂತಿ ಮಾಡುವ ಸಾಮರ್ಥ್ಯವಿಲ್ಲ.

ನಾಯಿ ಬೆಕ್ಕುಗಳಿಗೆ ಸುರಕ್ಷಿತವಾದ ಕೆಲವು ಔಷಧಗಳು ಮೊಲಕ್ಕೆ ಮಾರಕ. ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಮತ್ತು ಅಮಾಕ್ಸಿಸಿಲಿನ್ ಮೊಲ ಹಾಗೂ ಗಿನಿಯಿಲಿಗಳ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನು ನಾಶಮಾಡುತ್ತವೆ. ನಾಯಿಗಳ ಉಣ್ಣೆ ನಿವಾರಣೆಗೆ ಬಳಸುವ ಫಿಪ್ರೊನಿಲ್ ಔಷಧವನ್ನು ಮೊಲದ ಮೇಲೆ ಸಿಂಪಡಿಸಬಾರದು. ಕಜ್ಜಿ ಹುಳುವಿನ ಬಾಧೆ ಮತ್ತು ಹುಳುಕಡ್ಡಿ ರಕ್ಷಿತ ಮೊಲಗಳಲ್ಲಿ ಸಾಮಾನ್ಯ. ಹುಳುಕಡ್ಡಿಯು ಮನುಷ್ಯರಿಗೂ ತಗಲುವುದರಿಂದ ಹೊಸ ಪ್ರಾಣಿಯನ್ನು ಕೆಲವು ದಿನ ಪ್ರತ್ಯೇಕವಾಗಿಟ್ಟು ಪರೀಕ್ಷಿಸುವುದು ವಾಡಿಕೆ.

ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ ಬಹಳ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆಯು ಇದನ್ನೂ ತಡೆಯುತ್ತದೆ. ಗಂಡು ಮೊಲವು ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಫಲವತ್ತಾಗಿ ಉಳಿಯುವುದರಿಂದ ಆ ಅವಧಿಯಲ್ಲಿ ಹೆಣ್ಣಿನಿಂದ ದೂರವಿಡಬೇಕು.

ಇತರ ಕಿರು ಪ್ರಾಣಿಗಳು

ಗಿನಿಯಿಲಿ: ದಕ್ಷಿಣ ಅಮೆರಿಕದ ಆಂಡೀಸ್ ಪ್ರದೇಶದಲ್ಲಿ ಪಳಗಿಸಲಾದ ಪ್ರಾಣಿ. ಆಡುಮಾತಿನಲ್ಲಿ ಗಿನಿಪಿಗ್ ಎಂದೇ ಪರಿಚಿತ. ಆಯಸ್ಸು 5ರಿಂದ 8 ವರ್ಷ. ಮನುಷ್ಯರಂತೆ ಇದರ ದೇಹವೂ ಸಿ ಜೀವಸತ್ವವನ್ನು ಉತ್ಪಾದಿಸಲಾರದು. ದೊಣ್ಣೆಮೆಣಸಿನಕಾಯಿ, ಸೀಬೆ, ನೆಲ್ಲಿಕಾಯಿಯ ತುಣುಕುಗಳಿಂದ ಇದನ್ನು ಒದಗಿಸಬಹುದು. ಒಂಟಿಯಾಗಿ ಸಾಕುವುದು ಸೂಕ್ತವಲ್ಲ.

ಹ್ಯಾಮ್‌ಸ್ಟರ್: ಸಾಕಲಾಗುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ಮೂಲವು 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಹಿಡಿಯಲಾದ ಒಂದು ಕುಟುಂಬ. ಆಯಸ್ಸು 2ರಿಂದ 3 ವರ್ಷ. ಗಿನಿಯಿಲಿಗೆ ತದ್ವಿರುದ್ಧವಾಗಿ ಇದು ಏಕಾಂತಪ್ರಿಯ. ಎರಡನ್ನು ಒಟ್ಟಿಗಿಟ್ಟರೆ ಕಾದಾಡಿ ಸಾಯುವ ಸಂಭವವಿದೆ. ರಾತ್ರಿ ಚಟುವಟಿಕೆಯಿಂದಿರುತ್ತದೆ.

ಬಜರಿಗರ್: ಆಸ್ಟ್ರೇಲಿಯ ಮೂಲದ ಈ ಚಿಕ್ಕ ಗಿಳಿಯನ್ನು ಕರ್ನಾಟಕದಲ್ಲಿ 'ಲವ್ ಬರ್ಡ್ಸ್' ಎಂದು ಕರೆಯುವುದು ರೂಢಿ. ಸಾಕಲು ಕಾನೂನಿನ ಅಡ್ಡಿಯಿಲ್ಲ. ಆದರೆ ಹಸಿರು ಮೈ ಮತ್ತು ಕೆಂಪು ಕೊಕ್ಕಿನ ದೇಶೀಯ ಗಿಳಿಯನ್ನು ದತ್ತು ಪಡೆಯಲಾಗದು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಕೆಂಪುಕಿವಿಯ ಆಮೆ: ಅಮೆರಿಕ ಮೂಲದ, ಅಂಗಡಿಗಳಲ್ಲಿ ನಾಣ್ಯದ ಗಾತ್ರದಲ್ಲಿ ಮಾರಾಟವಾಗುವ ಈ ಆಮೆಯು ಊಟದ ತಟ್ಟೆಯಷ್ಟು ದೊಡ್ಡದಾಗಿ ಬೆಳೆದು ಹಲವು ದಶಕ ಬದುಕುತ್ತದೆ.

ದಾವಣಗೆರೆ ಪರಿಸರದಲ್ಲಿ

ದಾವಣಗೆರೆ ನಗರ ಮತ್ತು ಹರಿಹರವನ್ನೊಳಗೊಂಡ ಮಧ್ಯ ಕರ್ನಾಟಕದ ಒಣ ಹವೆಯಲ್ಲಿ ಸಾಕುಮೊಲಕ್ಕೆ ದೊಡ್ಡ ಅಪಾಯವೆಂದರೆ ಬಿಸಿಲು. ಮೊಲಕ್ಕೆ ಹಿತವಾದ ಉಷ್ಣಾಂಶ ಸುಮಾರು 15ರಿಂದ 21 ಡಿಗ್ರಿ ಸೆಲ್ಸಿಯಸ್. 30 ಡಿಗ್ರಿ ದಾಟಿದಾಗ ಅದು ಬಳಲತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 35 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಮೊಲವು ಬೆವರುವುದಿಲ್ಲ. ದೇಹದ ಶಾಖವನ್ನು ಮುಖ್ಯವಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ಪಿ.ಜೆ. ಬಡಾವಣೆಯಂತಹ ನಗರ ಮಧ್ಯದ ವಸತಿ ಪ್ರದೇಶಗಳಲ್ಲಿ ಹಿತ್ತಲಿಲ್ಲದ ಮನೆಗಳ ತಾರಸಿಯ ಮೇಲೆ ಸಿಮೆಂಟ್ ಶೀಟಿನ ಅಡಿ ಗೂಡು ಇಡುವುದು ಸುಲಭವೆನಿಸಿದರೂ ಬೇಸಿಗೆಯಲ್ಲಿ ಅದು ಪ್ರಾಣಾಂತಿಕವಾಗಬಹುದು. ಮನೆಯೊಳಗಿನ ತಂಪಾದ ಕಲ್ಲಿನ ನೆಲ, ನೆನೆಸಿದ ಗೋಣಿಚೀಲದ ಪರದೆ, ಬಟ್ಟೆ ಸುತ್ತಿದ ಹೆಪ್ಪುಗಟ್ಟಿದ ನೀರಿನ ಬಾಟಲಿ ಮುಂತಾದ ಸರಳ ಕ್ರಮಗಳು ವಿದ್ಯುತ್ ಕಡಿತದ ವೇಳೆಯಲ್ಲಿಯೂ ನೆರವಾಗುತ್ತವೆ. ಮೊಲವನ್ನು ನೀರಿನಲ್ಲಿ ಮುಳುಗಿಸಿ ತಂಪು ಮಾಡಬಾರದು. ಆಘಾತದಿಂದ ಅದು ಸಾಯಬಹುದು. ದೀಪಾವಳಿಯ ಪಟಾಕಿಯ ಸದ್ದು, ತೆರೆದ ಗೂಡಿಗೆ ಬರುವ ಬೆಕ್ಕು, ನಾಯಿ ಮತ್ತು ಮುಂಗುಸಿಗಳು ಇತರ ಅಪಾಯಗಳು.

ಮೆಕ್ಕೆಜೋಳ ಬೆಳೆಗೆ ಹೆಸರಾದ ಈ ಜಿಲ್ಲೆಯ ಹೊಲಗಳಲ್ಲಿ ಕಾಡುಮೊಲಗಳು ವಾಸಿಸುತ್ತವೆ. ಕಟಾವಿನ ವೇಳೆ ಕಣ್ಣಿಗೆ ಬೀಳುವ ಒಂಟಿ ಮರಿಯನ್ನು ಅನಾಥವೆಂದು ತಿಳಿದು ಮನೆಗೆ ತರುವುದುಂಟು. ಆದರೆ ತಾಯಿ ಕಾಡುಮೊಲವು ಮರಿಗಳನ್ನು ದಿನವಿಡೀ ಒಂಟಿಯಾಗಿ ಬಿಟ್ಟು ಸಾಮಾನ್ಯವಾಗಿ ಮುಸ್ಸಂಜೆಯ ನಂತರ ಮಾತ್ರ ಹಾಲುಣಿಸಲು ಬರುತ್ತದೆ. ಗಾಯವಿಲ್ಲದ ಮರಿಯನ್ನು ಅದೇ ಸ್ಥಳದಲ್ಲಿ, ಯಂತ್ರ ಮತ್ತು ನಾಯಿಗಳಿಂದ ಮರೆಯಾಗಿ, ಬಿಡುವುದೇ ಅದರ ನಿಜವಾದ ರಕ್ಷಣೆ. ಮನೆಗೆ ತಂದ ಮರಿಗಳು ಹಸುವಿನ ಹಾಲು ಮತ್ತು ಭಯದಿಂದಾಗಿ ಬಹುತೇಕ ಬದುಕುಳಿಯುವುದಿಲ್ಲ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಸೇರಿದ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯವಿದೆ. ಮೃಗಾಲಯವು ವನ್ಯಜೀವಿಗಳ ಪ್ರದರ್ಶನ ಮತ್ತು ಸಂರಕ್ಷಣೆಯ ಕೇಂದ್ರವೇ ಹೊರತು ಬೇಡವಾದ ಸಾಕುಪ್ರಾಣಿಗಳನ್ನು ಬಿಡುವ ಸ್ಥಳವಲ್ಲ. ಉನ್ನತ ಚಿಕಿತ್ಸೆಗೆ ನೆರೆಯ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಜಿಲ್ಲಾ ಕೇಂದ್ರಗಳ ಪಶುವೈದ್ಯರ ದೈನಂದಿನ ಅನುಭವವು ಹೆಚ್ಚಾಗಿ ದನ, ಎಮ್ಮೆ, ಕುರಿ, ಕೋಳಿ ಮತ್ತು ನಾಯಿಗಳಿಗೆ ಸಂಬಂಧಿಸಿದ್ದು. ಆದ್ದರಿಂದ ದತ್ತು ಪಡೆಯುವ ಮುನ್ನವೇ ಮೊಲಕ್ಕೆ ಚಿಕಿತ್ಸೆ ನೀಡಬಲ್ಲ ವೈದ್ಯರನ್ನು ಗುರುತಿಸಿಕೊಳ್ಳುವುದು ಮುಖ್ಯ ಸಿದ್ಧತೆಯಾಗಿದೆ. ಬೆಂಗಳೂರಿನ ಆಶ್ರಯಧಾಮದಿಂದ ಪ್ರಾಣಿಯನ್ನು ಕರೆತರುವವರು ಸುಮಾರು 260 ಕಿಲೋಮೀಟರ್ ಪ್ರಯಾಣವನ್ನು ರಾತ್ರಿ ಅಥವಾ ಮುಂಜಾನೆ, ಹುಲ್ಲು ಮತ್ತು ನೀರಿನ ಏರ್ಪಾಟಿನೊಂದಿಗೆ ಮಾಡುವುದು ಸೂಕ್ತ.

ಬಿಡುಗಡೆಯ ಪ್ರಶ್ನೆ

ಸಾಕಲಾಗದ ಮೊಲವನ್ನು ತೋಟ, ಉದ್ಯಾನ ಅಥವಾ ಕಾಡಿಗೆ ಬಿಡುವುದನ್ನು ಕೆಲವರು ಪುಣ್ಯಕಾರ್ಯವೆಂದು ಭಾವಿಸುತ್ತಾರೆ. ಬಿಳಿಯ ಮೈಬಣ್ಣದ, ಶತ್ರುಗಳನ್ನು ಗುರುತಿಸಲು ಕಲಿಯದ ಸಾಕುಮೊಲವು ಬಯಲಿನಲ್ಲಿ ಕೆಲವೇ ದಿನಗಳಲ್ಲಿ ನಾಯಿ, ನರಿ ಅಥವಾ ಹದ್ದಿಗೆ ಆಹಾರವಾಗುತ್ತದೆ. ಒಂದು ವೇಳೆ ಬದುಕಿದರೆ ಸ್ಥಳೀಯ ಪರಿಸರಕ್ಕೆ ಅಪಾಯ. ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ 1859ರಲ್ಲಿ ಬೇಟೆಗಾಗಿ ಬಿಡಲಾದ ಸುಮಾರು ಎರಡು ಡಜನ್ ಮೊಲಗಳ ಸಂತತಿಯು ಖಂಡದ ಬಹುಭಾಗಕ್ಕೆ ಹರಡಿ ಕೃಷಿ ಮತ್ತು ಸಸ್ಯಸಂಪತ್ತಿಗೆ ಅಪಾರ ಹಾನಿ ಮಾಡಿತು. ಕೆಂಪುಕಿವಿಯ ಆಮೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕುಂದವಾಡ ಕೆರೆಯಂತಹ ಜಲಾಶಯಕ್ಕಾಗಲಿ ತುಂಗಭದ್ರಾ ನದಿಗಾಗಲಿ ಅದನ್ನು ಬಿಟ್ಟರೆ ಸ್ಥಳೀಯ ಆಮೆಗಳ ಆಹಾರ ಮತ್ತು ನೆಲೆಗೆ ಅದು ಪ್ರತಿಸ್ಪರ್ಧಿಯಾಗುತ್ತದೆ. ಸಾಕಲಾಗದ ಪ್ರಾಣಿಗೆ ಹೊಸ ಮನೆ ಹುಡುಕುವುದು ಅಥವಾ ಆಶ್ರಯಧಾಮಕ್ಕೆ ಮರಳಿಸುವುದು ಮಾತ್ರ ಅಂಗೀಕೃತ ಮಾರ್ಗಗಳಾಗಿವೆ.

ಚರ್ಚೆ ಮತ್ತು ಟೀಕೆ

ದತ್ತು ನೀಡುವ ಸಂಸ್ಥೆಗಳ ಷರತ್ತುಗಳು ಅತಿ ಕಠಿಣವೆಂಬ ಟೀಕೆಯಿದೆ. ಬಾಡಿಗೆದಾರರು, ಒಂಟಿಯಾಗಿ ವಾಸಿಸುವವರು ಮತ್ತು ದೂರದ ಊರಿನವರ ಅರ್ಜಿಗಳು ತಿರಸ್ಕೃತವಾಗುವುದರಿಂದ ಅವರು ಅಂಗಡಿಗಳತ್ತ ಹೋಗುತ್ತಾರೆ ಎಂಬುದು ಟೀಕಾಕಾರರ ವಾದ. ಒಮ್ಮೆ ತೊರೆಯಲ್ಪಟ್ಟ ಪ್ರಾಣಿಯು ಮತ್ತೊಮ್ಮೆ ತೊರೆಯಲ್ಪಡದಂತೆ ನೋಡಿಕೊಳ್ಳುವುದು ತಮ್ಮ ಮೊದಲ ಕರ್ತವ್ಯವೆಂದು ಸಂಸ್ಥೆಗಳು ಸಮರ್ಥಿಸುತ್ತವೆ. ಮೊಲವನ್ನು ಮಾಂಸಕ್ಕಾಗಿ ಸಾಕುವ ರೈತರಿಗೂ ಸಂಗಾತಿಯಾಗಿ ಕಾಣುವ ನಗರವಾಸಿಗಳಿಗೂ ನಡುವಿನ ದೃಷ್ಟಿಭೇದವು ಮತ್ತೊಂದು ಚರ್ಚೆಯ ವಿಷಯ. ಒಂದೇ ತಳಿಯ ಪ್ರಾಣಿಯು ಒಂದೆಡೆ ಉತ್ಪನ್ನವಾಗಿಯೂ ಮತ್ತೊಂದೆಡೆ ಕುಟುಂಬದ ಸದಸ್ಯನಾಗಿಯೂ ಪರಿಗಣಿತವಾಗುತ್ತದೆ.

ಸಂಸ್ಕೃತಿಯಲ್ಲಿ

ಭಾರತೀಯ ಸಾಹಿತ್ಯದಲ್ಲಿ ಮೊಲಕ್ಕೆ ಗೌರವದ ಸ್ಥಾನವಿದೆ. ಚಂದ್ರನ ಕಲೆಯನ್ನು ಮೊಲವೆಂದು ಕಲ್ಪಿಸಿ ಅವನನ್ನು ಶಶಾಂಕ, ಶಶಿ ಎಂದು ಕರೆಯಲಾಗಿದೆ. ಬೌದ್ಧ ಜಾತಕದ ಮೊಲವು ಅತಿಥಿಗಾಗಿ ತನ್ನ ದೇಹವನ್ನೇ ಅರ್ಪಿಸಲು ಮುಂದಾಗುತ್ತದೆ. ಪಂಚತಂತ್ರದ ಮೊಲವು ಸಿಂಹವನ್ನು ಬಾವಿಗೆ ಕೆಡವುತ್ತದೆ. 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯು ಹಟಮಾರಿತನವನ್ನು ಸೂಚಿಸಲು ಕನ್ನಡದಲ್ಲಿ ಬಳಕೆಯಲ್ಲಿದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂದರ್ಭದಲ್ಲಿ ಮೊಲವನ್ನು ಹಿಡಿದು, ಪೂಜಿಸಿ, ಮರಳಿ ಕಾಡಿಗೆ ಬಿಡುವ ಆಚರಣೆಯಿದೆ. ಈ ಎಲ್ಲ ಉಲ್ಲೇಖಗಳಲ್ಲಿ ಬರುವುದು ನಾಡಿನ ಕಾಡುಮೊಲವೇ. ಮನೆಗಳಲ್ಲಿ ಸಾಕಲಾಗುವ ಬಿಳಿಯ ಮೊಲವು ಬಹಳ ಕಾಲದ ನಂತರ ಈ ನಾಡಿಗೆ ಬಂದದ್ದು. ಇದಕ್ಕೆ ಮರಳಿ ಹೋಗಲು ಇಲ್ಲಿ ಕಾಡಿಲ್ಲ.